ಧೂಪದ ಮರದ ಗೊರಸು

ಬೊಲ್‌ಗ್ಯೊ
ಏಪ್ರಿಲ್ 22, 1991

ಪಿಲ್ಸು,

ಮಠದಲ್ಲಿ ನಿನಗೆ ಇಲ್ದೊ ಎಂದು ಹೆಸರಿಟ್ಟಿದ್ದಾರೆ, ಗೊತ್ತು. ಲಕೋಟೆಯ ಮೇಲೆ ಅದನ್ನೇ ಬರೆದಿದ್ದೇನೆ, ಇಲ್ಲದಿದ್ದರೆ ನಿನ್ನ ಕೈಗೆ ಕೊಡುವುದಿಲ್ಲ. ಒಳಗೆ ನಾನು ಇಟ್ಟ ಹೆಸರೇ ಇರಲಿ.

ನಿನ್ನ ತಂಗಿ ಇನ್ಸುನ್ ಬುಸಾನಿನಿಂದ ಮನೆಗೆ ಬಂದಿದ್ದಾಳೆ. ಶೂ ಕಾರ್ಖಾನೆಯವರೇ ಕಳಿಸಿಬಿಟ್ಟರು. ಚಳಿಗಾಲವಿಡೀ ಹೊಟ್ಟೆನೋವು ಎನ್ನುತ್ತಿದ್ದಳಂತೆ, ನನಗೆ ಹೇಳಿರಲಿಲ್ಲ. ಗ್ವಾಂಗ್‌ಜುವಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಟ್ಟೆ ಕೊಯ್ದರು, ನೋಡಿದರು, ಹಾಗೇ ಹೊಲಿದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮನೆಗೆ ಕರ್ಕೊಂಡು ಹೋಗಿ, ಅವರಿಗೆ ಏನಿಷ್ಟಾನೋ ಮಾಡಿ ಹಾಕಿ" ಎಂದರು. ಅದರ ಅರ್ಥ ಏನೆಂದು ನಾನು ಕೇಳಲಿಲ್ಲ. ಕೇಳಿ ತಿಳಿದುಕೊಳ್ಳುವಷ್ಟು ದಡ್ಡಿ ನಾನಲ್ಲ.

ಈಗ ಕೇಳು. ಸಂತೆಯಲ್ಲಿ ನಾರುಬೇರು ಮಾರುವ ಮುದುಕ ಹೇಳಿದ, ಇಂಥ ಗಂಟಿಗೆ ಮರದಣಬೆಯ ಕಷಾಯವೇ ಮದ್ದು, ಹಿಪ್ಪುನೇರಳೆ ಮರದ್ದು ಸಿಗುತ್ತದೆ, ಆದರೆ ಹಳೇ ಜುನಿಪರ್ ಮರದಲ್ಲಿ, ಅಂದರೆ ನಿಮ್ಮ ಧೂಪದ ಮರದಲ್ಲಿ, ಬೆಳೆದದ್ದು ಸಿಕ್ಕರೆ ಅದಕ್ಕೆ ಸಮ ಇನ್ನೊಂದಿಲ್ಲ ಅಂತ. ಎಲ್ಲಿ ಸಿಗುತ್ತದೆ ಎಂದು ಅವನಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ. ನಿನ್ನ ತಲೆ ಬೋಳಿಸಿದ ದಿನ ಅತ್ತದ್ದು ಯಾರಿಗೂ ಕಾಣಬಾರದೆಂದು ನಾನು ನಿಮ್ಮ ಆ ಮುದಿ ಮರದ ಹಿಂದೆ ಹೋಗಿ ನಿಂತಿದ್ದೆ. ಅಲ್ಲಿ ಸೊಂಟದೆತ್ತರಕ್ಕೆ ಎತ್ತಿನ ಗೊರಸಿನಂಥದ್ದು ಒಂದು ಅಂಟಿಕೊಂಡಿತ್ತು. ಮೇಲೆ ಕಪ್ಪು, ಕೆಳಗೆ ಅರಿಸಿನದ ಬಣ್ಣ. ಕಲ್ಲಿನಷ್ಟು ಗಟ್ಟಿ.

ಅದನ್ನು ತಾ. ಇಡಿಯಾಗಿ ಕೊಡದಿದ್ದರೆ ಅರ್ಧ ಬೇಡಿಕೊಂಡು ತಾ. ಬಸ್ಸಿಳಿದು ಕಾಲುದಾರಿಯಲ್ಲಿ ಬಾ, ಸೇತುವೆಯ ಕೆಲಸ ನಡೆಯುತ್ತಿದೆ.

ಅಮ್ಮ


ಸಾಂಗ್ವೊಲ್ ಮಠ
ಏಪ್ರಿಲ್ 30, 1991

ನಾಗಾನ್ ಬೋಸಲ್ ಅವರಿಗೆ,

ತಮ್ಮ ಪತ್ರ ತಲುಪಿತು. ಇನ್ಸುನಳ ಅನಾರೋಗ್ಯದ ಸುದ್ದಿ ತಿಳಿದು ನೋವಾಯಿತು. ಪ್ರಾತಃಕಾಲದ ಪ್ರಾರ್ಥನೆಯಲ್ಲಿ ಅವಳ ಹೆಸರನ್ನು ಸೇರಿಸಿಕೊಂಡಿದ್ದೇನೆ.

ತಾವು ಕೇಳಿದ ವಸ್ತುವಿನ ಬಗ್ಗೆ ತಿಳಿಸಲೇಬೇಕು. ಕಳೆದ ಶರತ್ಕಾಲದಲ್ಲಿ ಅರಣ್ಯ ಇಲಾಖೆಯವರೊಬ್ಬರು ಬಂದು ಮರದೊಳಕ್ಕೆ ಸಣ್ಣ ಬೈರಿಗೆ ಇಳಿಸಿ ನೋಡಿದರು. ಹೊರಬಂದದ್ದು ಮರವಲ್ಲ, ಒದ್ದೆ ತೌಡಿನಂಥ ಬಿಳಿ ಪುಡಿ. ಬುಡದಿಂದ ಆಳೆತ್ತರದವರೆಗೆ ತಿರುಳು ಹೋಗಿದೆ. ತಾವು ಕಂಡ ಅಣಬೆ ಮದ್ದಲ್ಲ. ಕೊಳೆಯಿಸುವ ಜೀವ ಒಳಗೆ ನೂಲಿನಂತೆ ಹಬ್ಬಿ ತಿರುಳನ್ನು ತಿನ್ನುತ್ತದೆ, ಹೊಟ್ಟೆ ತುಂಬಿದ ಮೇಲೆ ಹೊರಗೆ ಹಾಗೊಂದು ಕಾಯಿ ಬಿಡುತ್ತದೆ, ಅಷ್ಟೇ. ಅದರಿಂದ ಯಾರಿಗಾದರೂ ವಾಸಿಯಾಯಿತೆಂಬುದನ್ನು ಆ ಅಧಿಕಾರಿ ಕೇಳಿಲ್ಲವಂತೆ. ಮರವನ್ನು ಮುಟ್ಟಿ ಹರಕೆ ಹೊರಲು ದೂರದಿಂದ ಜನ ಬರುತ್ತಾರಾದ್ದರಿಂದ ಈ ವಿಷಯ ಹೊರಗೆ ಹೋಗಬಾರದು, ಅಣಬೆಯನ್ನೂ ಯಾರೂ ಮುಟ್ಟಬಾರದು ಎಂದು ಹಿರಿಯ ಗುರುಗಳ ಅಪ್ಪಣೆ.

ಮದ್ದಲ್ಲವೆಂದು ತಿಳಿದೂ ಮದ್ದೆಂದು ಕೊಟ್ಟರೆ ಅದು ಸುಳ್ಳು. ಸುಳ್ಳಾಡುವುದಿಲ್ಲವೆಂದು ನಾನು ವ್ರತ ತೊಟ್ಟಿದ್ದೇನೆ. ಹುಟ್ಟಿದ್ದೆಲ್ಲ ಒಂದು ದಿನ ಅಳಿಯುವಂಥದ್ದು. ತಾವು ಧೈರ್ಯ ತಂದುಕೊಳ್ಳಬೇಕು.

ಕೈಮುಗಿದು,
ಇಲ್ದೊ


ಬೊಲ್‌ಗ್ಯೊ
ಮೇ 6

ಪಿಲ್ಸು,

ನನ್ನ ತವರೂರಿನ ಹೆಸರು ಹಿಡಿದು ನಾಗಾನ್ ಬೋಸಲ್ ಅಂತೆ. ಮಠಕ್ಕೆ ಮೇಣದಬತ್ತಿ ಹಚ್ಚಲು ಬರುವ ಹೆಂಗಸರನ್ನೆಲ್ಲ ನೀವು ಹಾಗೇ ಕರೆಯುತ್ತೀರಿ. ನಾನು ಬತ್ತಿ ಹಚ್ಚಿ ಹೋದವಳಲ್ಲ, ನಿನ್ನನ್ನು ಹೆತ್ತವಳು.

ಹುಟ್ಟು ಸಾವಿನ ಪಾಠ ನನಗೆ ಹೇಳಬೇಡ. ಕೆಸರು ಬಯಲಿನಲ್ಲಿ ಸಿಕ್ಕಿಕೊಂಡು ಮುಳುಗಿದ ನಿನ್ನ ಅಪ್ಪನನ್ನು ಉಬ್ಬರ ಇಳಿದ ಮೇಲೆ ಕೆಸರಲ್ಲಿ ಜಾರುವ ಹಲಗೆಯ ಮೇಲೆ ಹಾಕಿಕೊಂಡು, ಒಂದು ಮೊಣಕಾಲೂರಿ ತಳ್ಳುತ್ತಾ ದಡಕ್ಕೆ ತಂದವಳು ನಾನು. ಮಾರನೇ ದಿನ ಅದೇ ಹಲಗೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕಲು ಹೋದೆ. ಅಳಿಯುವುದು ಎಂದರೇನು ಎಂದು ಯಾವ ಗುರುವೂ ನನಗೆ ಕಲಿಸಬೇಕಾಗಿಲ್ಲ.

ಇಬ್ಬರಲ್ಲಿ ಒಬ್ಬರನ್ನು ಓದಿಸುವುದೆಂದಾದಾಗ ಇನ್ಸುನ್ ತಾನೇ ಚೀಲ ಕಟ್ಟಿಕೊಂಡು ಬುಸಾನಿನ ಬಸ್ಸು ಹತ್ತಿದಳು. ಆಗಿನ್ನೂ ಹದಿನಾಲ್ಕು ವರ್ಷದವಳು. ನೀನು ಹೈಸ್ಕೂಲು ಮುಗಿಸುವವರೆಗೂ ಶೂವಿನ ಅಟ್ಟೆಗೆ ಅಂಟು ಬಳಿದಳು. ನಿನ್ನ ಪುಸ್ತಕಗಳಿಗೆಲ್ಲ ಆ ಅಂಟಿನ ವಾಸನೆ ಇತ್ತು, ನಿನ್ನ ಮೂಗಿಗೆ ಬಡಿದಿರಲಿಕ್ಕಿಲ್ಲ. ಓದು ಮುಗಿಸಿ ಮನೆಗೆ ಆಸರೆಯಾಗುತ್ತೀಯ ಎಂದುಕೊಂಡರೆ ನೀನು ಬೆಟ್ಟ ಹತ್ತಿದೆ. ಆಗಲೂ ಅವಳು, "ಅಣ್ಣನಿಗೆ ಮನಸ್ಸಿದ್ರೆ ಹೋಗ್ಲಿ ಬಿಡಮ್ಮ" ಎಂದಳು. ನಾನು ಬಿಟ್ಟೆ. ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಅದು ಮದ್ದು ಹೌದೋ ಅಲ್ಲವೋ ಎಂದು ನಿನ್ನನ್ನು ನಾನು ಕೇಳಿದೆನೇ? ಅಣ್ಣ ತಂದ ಎಂದು ಅವಳು ಕುಡಿಯುತ್ತಾಳೆ. ನನಗೆ ಬೇಕಾಗಿದ್ದು ಅಷ್ಟು. ಬರುವ ಹುಣ್ಣಿಮೆಗೆ ನಿಮ್ಮ ಬೇಸಿಗೆಯ ಧ್ಯಾನವಾಸ ಶುರುವಾಗಿ ಆಗಸ್ಟ್ ಹುಣ್ಣಿಮೆಯವರೆಗೂ ಯಾರೂ ಹೊರಗೆ ಬರುವಂತಿಲ್ಲ ಎಂದು ಗೊತ್ತು. ಅದಕ್ಕೆ ಮುಂಚೆ ಬಾ. ಬರಿಗೈಯಲ್ಲಿ ಬರಬೇಡ.

ಅಮ್ಮ


ಬೊಲ್‌ಗ್ಯೊ
ಮೇ 17

ಅಣ್ಣಾ,

ನಿನ್ನ ತಲೆ ಬೋಳಾದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಸ್ವಾಮಿಗಳೇ ಎಂದು ಶುರುಮಾಡಬೇಕಂತೆ, ಕೈ ಬರಲಿಲ್ಲ. ಮರುವಾಯಿ ಕದ್ದು ತಿಂದು ನನ್ನ ಮೇಲೆ ಹಾಕುತ್ತಿದ್ದ ಸ್ವಾಮಿಗಳು ನನಗೊಬ್ಬರೇ ಗೊತ್ತು.

ನೀನೂ ಅಮ್ಮನೂ ಅಣಬೆಗಾಗಿ ಜಗಳ ಆಡುತ್ತಿರುವುದು ಗೊತ್ತಾಗಿದೆ. ನಿನ್ನ ಕಾಗದವನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಈ ಮನೆಯಲ್ಲಿ ಬಚ್ಚಿಡಲು ಬೇರೆ ಜಾಗ ಎಲ್ಲಿದೆ ಹೇಳು. ಓದಿ ನಗು ಬಂತು. ನಿನ್ನ ಮರಕ್ಕೂ ನನಗೂ ಒಂದೇ ಕಾಯಿಲೆ ನೋಡು. ಹೊರಗೆ ಹಸಿರು, ಒಳಗೆ ಯಾರೋ ಕೂತು ಉಣ್ಣುತ್ತಿದ್ದಾರೆ. ಅದನ್ನು ಮುಟ್ಟಲು ಜನ ದೂರದಿಂದ ಬರುತ್ತಾರೆ, ನನ್ನನ್ನು ಮುಟ್ಟಲು ಪಕ್ಕದ ಮನೆಯವರೂ ಹೆದರುತ್ತಾರೆ, ವ್ಯತ್ಯಾಸ ಅಷ್ಟೇ.

ಅಮ್ಮ ಎಲ್ಲವನ್ನೂ ಬೇಯಿಸಿ ಕುಡಿಸುತ್ತಿದ್ದಾಳೆ. ಹೋದ ವಾರ ಜರಿಹುಳು ಹಾಕಿದ ಕೋಳಿ. ಕೋಳಿ ಚೆನ್ನಾಗಿತ್ತು, ಜರಿಯ ಬಗ್ಗೆ ಕೇಳಬೇಡ. ನಾಳೆ ಏನು ಕಾದಿದೆಯೋ.

ನನಗೆ ನಿನ್ನ ಅಣಬೆ ಬೇಡ. ಸುಳ್ಳು ಹೇಳುವುದಿಲ್ಲ ಎಂದಿದ್ದೀಯ, ಹೇಳಬೇಡ. ನೀನು ಬಾ. ಮುಂಚಿನಂತೆ ಒಂದೇ ತಟ್ಟೆಯಲ್ಲಿ ಬಾರ್ಲಿ ಅನ್ನಕ್ಕೆ ಮೂಲಂಗಿ ಸೊಪ್ಪಿನ ಕಿಮ್ಚಿ ಕಲಸಿಕೊಂಡು ಎದುರುಬದುರು ಕೂತು ತಿನ್ನೋಣ. ಮರುವಾಯಿ ನೀನು ತಿನ್ನುವ ಹಾಗಿಲ್ಲ. ನಾನು ತಿನ್ನುತ್ತೇನೆ, ನೀನು ನೋಡಿ ಬಾಯಲ್ಲಿ ನೀರೂರಿಸಿಕೋ. ಒಂದು ದಿನ ಸಾಕು. ಬೇಗ ಬಾ ಅಣ್ಣಾ, ನನಗೆ ಸ್ವಲ್ಪ ಹೆದರಿಕೆಯಾಗುತ್ತಿದೆ.

ನಿನ್ನ ತಂಗಿ
ಇನ್ಸುನ್


ಸಾಂಗ್ವೊಲ್ ಮಠ
ಮೇ 25

ಇನ್ಸುನ್,

ನಿನ್ನ ಪತ್ರ ಓದಿದೆ. ಧ್ಯಾನವಾಸಕ್ಕೆ ಮೂರು ದಿನವಷ್ಟೇ ಉಳಿದಿದೆ. ಸಭಾಂಗಣದ ಸಿದ್ಧತೆಯ ಹೊಣೆ ನನ್ನ ಮೇಲಿದೆ. ಗುರುಗಳಲ್ಲಿ ಕೇಳಿಕೊಂಡೆ. ಮನೆ ಬಿಟ್ಟು ಬಂದವನಿಗೆ ಮನೆ ಯಾವುದು ಎಂದರು. ಅವರ ಮಾತಿನಲ್ಲಿ ಅರ್ಥವಿದೆ.

ಈ ಬೇಸಿಗೆಯ ನನ್ನ ಧ್ಯಾನದ ಪುಣ್ಯವನ್ನೆಲ್ಲ ನಿನ್ನ ಹೆಸರಿಗೆ ಧಾರೆಯೆರೆಯುತ್ತೇನೆ. ಹೆದರಿಕೆಯಾದಾಗ ಉಸಿರನ್ನು ಗಮನಿಸು. ವಾಸ ಮುಗಿದ ಕೂಡಲೇ ಬರುತ್ತೇನೆ.

ಇಲ್ದೊ


ಬೊಲ್‌ಗ್ಯೊ
ಜೂನ್ 30

ಪಿಲ್ಸು,

ನಿನ್ನೆ ನಿಮ್ಮ ಮಠಕ್ಕೆ ಬಂದಿದ್ದೆ. ನಿನಗೆ ಯಾರೂ ಹೇಳಿರಲಾರರು, ನಾನು ಯಾರೆಂದು ಹೇಳಲೇ ಇಲ್ಲ. ಬೊಲ್‌ಗ್ಯೊದಲ್ಲಿ ಚಿಪ್ಪು ಮಾರುವವಳು, ಹರಕೆಗೆ ಬಂದೆ ಎಂದೆ. ಸುಳ್ಳೇನಲ್ಲ.

ಇನ್ಸುನ್ ಈಗ ಗಂಜಿ ಬಿಟ್ಟು ಬೇರೇನೂ ಉಳಿಸಿಕೊಳ್ಳುತ್ತಿಲ್ಲ. ನಿನ್ನನ್ನು ಕೇಳಿದ್ದಾಯಿತು, ಇನ್ನು ಗುರುಗಳ ಕಾಲಿಗೇ ಬೀಳೋಣ, ಅದೂ ಆಗದಿದ್ದರೆ ಕದ್ದಾದರೂ ತರೋಣ ಎಂದುಕೊಂಡು ಹೊರಟಿದ್ದೆ. ಮಡಿಲಲ್ಲಿ ಚಿಪ್ಪು ಬಿಡಿಸುವ ಉಳಿ ಇತ್ತು. ಧ್ಯಾನದ ಸಭಾಂಗಣದ ಸುತ್ತ ಹಗ್ಗ ಕಟ್ಟಿದ್ದರು. ಅಂಗಳದಾಚೆಯಿಂದ ನಿಮ್ಮ ಚಪ್ಪಲಿಗಳ ಸಾಲು ಕಂಡಿತು. ನಿನ್ನದು ಯಾವುದೆಂದು ಹುಡುಕಿದೆ, ಗೊತ್ತಾಗಲಿಲ್ಲ.

ಮರದ ಹಿಂದೆ ಹೋದೆ. ಗೊರಸು ಇರಲಿಲ್ಲ. ಅದು ಇದ್ದ ಜಾಗದಲ್ಲಿ ಬೋಗುಣಿಯಷ್ಟು ಅಗಲದ ಹೊಸ ಬಿಳಿ ಗುರುತು. ಬೆರಳಿಟ್ಟರೆ ಹೂತುಹೋಯಿತು, ತೋಫುವಿನಷ್ಟು ಮೆತ್ತಗೆ. ಅಷ್ಟು ಹೊತ್ತಿಗೆ ಅಡುಗೆಮನೆಯ ಹೆಂಗಸು ನೀರು ಚೆಲ್ಲಲು ಬಂದಳು. ಇಲ್ಲೊಂದು ಅಣಬೆ ಇತ್ತಲ್ಲ ಎಂದೆ.

"ಓ ಅದಾ? ಗ್ವಾಂಗ್‌ಜು ಅಮ್ಮಾವ್ರಿಗೆ ಕೊಟ್ಬಿಟ್ರಲ್ಲ. ಹೋದ್ವರ್ಷ ದೇವಸ್ಥಾನಕ್ಕೆ ಹೆಂಚು ಹಾಕ್ಸಿದೋರು. ಅವ್ರ ಯಜಮಾನ್ರಿಗೆ ಲಿವರ್ ಕಾಯಿಲೆಯಂತೆ. ರೇಷ್ಮೆ ಬಟ್ಟೇಲಿ ಸುತ್ತಿ, ಪೆಟ್ಟಿಗೇಲಿಟ್ಟು ಕೊಟ್ರು."

ಗುರುಗಳೇ ಕಿತ್ತರಾ ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಅಯ್ಯೋ, ಅವ್ರ ಕೈಲೆಲ್ಲಾಗುತ್ತೆ. ಇಲ್ದೊ ಸ್ವಾಮಿಗಳು ಕಿತ್ತಿದ್ದು. ಕೈ ತುಂಬ ಹಗುರ ಅವ್ರದ್ದು. ಸುತ್ತಿನ ತೊಗಟೆಗೆ ಒಂಚೂರೂ ಗಾಯ ಆಗ್ಲಿಲ್ಲ ನೋಡಿ."

ಅವಳು ಊಟ ಮಾಡಿ ಹೋಗಿ ಎಂದಳು. ಒಳ್ಳೆಯ ಹೆಂಗಸು. ಬಸ್ಸು ತಪ್ಪುತ್ತದೆ ಎಂದು ಹೇಳಿ ಇಳಿದು ಬಂದೆ.

ಹೌದೇನೋ ಪಿಲ್ಸು, ನೀನೇ ಕಿತ್ತೆಯಾ?

ಅಮ್ಮ


ಸಾಂಗ್ವೊಲ್ ಮಠ
ಜುಲೈ 5

ನಾಗಾನ್ ಬೋಸಲ್ ಅವರಿಗೆ,

ಹೌದು, ನಾನೇ ಕಿತ್ತೆ. ಜೂನ್ ಎರಡನೇ ವಾರದಲ್ಲಿ ಗುರುಗಳು ಕರೆಸಿ ಅಪ್ಪಣೆ ಕೊಟ್ಟರು. ಅಪ್ಪಣೆಯನ್ನು ಮೀರುವ ಸ್ವಾತಂತ್ರ್ಯ ನನಗಿಲ್ಲ. ಅದನ್ನು ಮದ್ದೆಂದು ನಾನು ಯಾರಿಗೂ ಹೇಳಲಿಲ್ಲ. ಕಿತ್ತು ಗುರುಗಳ ಕೈಗೆ ಕೊಟ್ಟೆ. ಮುಂದಿನದು ಅವರ ಮತ್ತು ದಾನಿಗಳ ನಡುವಿನದು.

ತಾವು ಇದನ್ನು ಅನ್ಯಾಯವೆಂದು ತಿಳಿಯುತ್ತೀರಿ. ನಾನು ಬೇರೆ ರೀತಿ ನೋಡುತ್ತೇನೆ. ಆ ಮನೆಯವರಿಗೆ ಹೋದದ್ದು ಕೊಳೆತದ ತುಂಡು. ಅವರು ನನಗೆ ಯಾರೂ ಅಲ್ಲ. ಇನ್ಸುನ್ ನನ್ನ ತಂಗಿ, ಅವಳಿಗೆ ಹುಸಿಯಾದದ್ದನ್ನು ಕೊಡಲು ನನಗೆ ಮನಸ್ಸು ಬರಲಿಲ್ಲ. ಅವಳ ಮೇಲಿನ ಗೌರವದಿಂದಲೇ ನಾನು ನಿಜ ಹೇಳಿದೆ.

ಬಂದಿದ್ದಾಗ ನನ್ನನ್ನು ಕರೆಸಬಹುದಿತ್ತು.

ಇಲ್ದೊ


ಬೊಲ್‌ಗ್ಯೊ
ಜುಲೈ 9

ಪಿಲ್ಸು,

ಕರೆಸಿದ್ದರೆ ಬರುತ್ತಿದ್ದೆಯಾ? ಕರೆಸಿ ನೋಡಲು ನನಗೆ ಧೈರ್ಯವಾಗಲಿಲ್ಲ.

ಪರರಿಗೆ ನೀನು ಆಸೆ ಕೊಟ್ಟೆ, ಒಡಹುಟ್ಟಿದವಳಿಗೆ ನಿಜ ಕೊಟ್ಟೆ. ಅದಕ್ಕೆ ಗೌರವ ಎಂದು ಹೆಸರು ಬೇರೆ. ಕಾಯಿಲೆ ಬಿದ್ದವಳು ಗೌರವವನ್ನು ಕುದಿಸಿ ಕುಡಿಯಲಾದೀತೇ? ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ಅವಳೂ ಗಂಡನಿಗೆ ಏನಾದರೂ ಮಾಡಬೇಕೆಂದೇ ಬೆಟ್ಟ ಹತ್ತಿದ್ದು. ಅವಳ ಕೈಯಲ್ಲಿ ಹೆಂಚಿತ್ತು, ನನ್ನ ಕೈಯಲ್ಲಿ ಚಿಪ್ಪಿತ್ತು.

ಇನ್ನು ಬೈದು ಪ್ರಯೋಜನವಿಲ್ಲ. ನಾನು ಸಂತೆಯ ಮುದುಕನಿಂದ ಹಿಪ್ಪುನೇರಳೆ ಮರದ್ದೇ ಒಂದು ತುಂಡು ತಂದೆ. ಹೊಲಿದುಕೊಡಲೆಂದು ನಾನು ತಂದಿದ್ದ ನಿನ್ನ ಹಳೇ ಬೂದು ನಿಲುವಂಗಿ ಇಲ್ಲೇ ಉಳಿದಿತ್ತಲ್ಲ, ಅದರ ತೋಳು ಹರಿದು ಸುತ್ತಿದೆ. ಅಣ್ಣ ಮಠದಿಂದ ಕಳಿಸಿದ್ದಾನೆ, ಆ ಧೂಪದ ಮರದ್ದೇ, ತಾನೇ ಕಿತ್ತದ್ದು ಎಂದು ಹೇಳಿ ಕೊಟ್ಟೆ. ಅವಳ ಮುಖ ನೀನು ನೋಡಬೇಕಿತ್ತು.

ಸುಳ್ಳು ನನ್ನದು, ಪಾಪವೂ ನನಗೇ ಇರಲಿ. ನಿನ್ನಿಂದ ಒಂದೇ ಒಂದು ಕೇಳುತ್ತೇನೆ, ಇದಾದ ಮೇಲೆ ಬೇರೇನೂ ಕೇಳುವುದಿಲ್ಲ. ಅವಳು ನಿನಗೆ ಬರೆಯುತ್ತಾಳೆ. ಆಗ ಒಂದು ಸಾಲು ಉತ್ತರ ಬರಿ. "ಕುಡಿ ಇನ್ಸುನ್" ಎಂದಷ್ಟೇ ಬರಿ. ನಾನು ಕಳಿಸಿದೆ ಎಂದು ಬರೆಯಬೇಡ, ಮದ್ದು ಎಂದೂ ಬರೆಯಬೇಡ. ಕುಡಿ ಎನ್ನುವುದರಲ್ಲಿ ಯಾವ ಸುಳ್ಳಿದೆ? ನಿನ್ನ ಅಕ್ಷರ ಅವಳ ಕೈಗೆ ಸಿಗಲಿ.

ಅಮ್ಮ


ಬೊಲ್‌ಗ್ಯೊ
ಜುಲೈ 16

ಅಣ್ಣಾ,

ಬಂತು! ಬೂದು ಬಟ್ಟೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬೇಡ ಬೇಡ ಎಂದು ಬರೆದವಳು ನಾನೇ, ಆದರೆ ಬಂದಾಗ ಅತ್ತುಬಿಟ್ಟೆ. ನಿನ್ನ ವ್ರತ, ನಿನ್ನ ಗುರುಗಳ ಅಪ್ಪಣೆ, ಎಲ್ಲವನ್ನೂ ಮೀರಿ ಕಿತ್ತು ಕಳಿಸಿದ್ದೀಯ. ಬೈದರಾ? ಸಾವಿರದೆಂಟು ನಮಸ್ಕಾರ ಹಾಕಿಸಿದರಾ? ಮೊಣಕಾಲು ಹೇಗಿದೆ?

ಅಮ್ಮ ಅದನ್ನು ಚೂರು ಮಾಡಿ ಮಣ್ಣಿನ ಗಡಿಗೆಯಲ್ಲಿ ದಿನವಿಡೀ ಕುದಿಸುತ್ತಾಳೆ. ಮನೆಯೆಲ್ಲ ಧೂಪದ ವಾಸನೆ ಎಂದು ನಾನು ಹೇಳಿದರೆ ಅಮ್ಮ ಬಗ್ಗಿ ಬೆಂಕಿ ಊದುತ್ತಾಳೆ. ಏನೂ ರುಚಿಯಿಲ್ಲ, ಒದ್ದೆ ಕಟ್ಟಿಗೆ ನೆಕ್ಕಿದ ಹಾಗಿದೆ. ಆದರೂ ತಳದವರೆಗೆ ಕುಡಿಯುತ್ತೇನೆ. ಮೊನ್ನೆ ಗಂಜಿಯ ಜೊತೆ ಎರಡು ಮರುವಾಯಿ ತಿಂದೆ, ಹೊಟ್ಟೆಯಲ್ಲಿ ಉಳಿಯಿತು. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಕೇಳಿದರು, ನಮ್ಮಣ್ಣ ಕಿತ್ತು ಕಳಿಸಿದ್ದು ಎಂದು ತೋರಿಸಿದೆ. ಸ್ವಲ್ಪ ಜಂಬ ಮಾಡಿದೆ, ಕ್ಷಮಿಸು.

ಒಂದು ಸಾಲು ಬರಿ. ಬಟ್ಟೆಯೊಳಗೆ ಚೀಟಿ ಇದೆಯೋ ಎಂದು ಕೊಡವಿ ಕೊಡವಿ ನೋಡಿದೆ. ಯಾವಾಗಲೂ ನೀನು ಹೀಗೇ.

ಇನ್ಸುನ್


ಸಾಂಗ್ವೊಲ್ ಮಠ
ಆಗಸ್ಟ್ 24

ಅಮ್ಮ,

ಇವತ್ತು ಧ್ಯಾನವಾಸ ಮುಗಿಯಿತು. ಹಗ್ಗ ಬಿಚ್ಚಿದರು.

ಇನ್ಸುನಳ ಕಾಗದ ಬಂದಾಗಿನಿಂದ ನಾನು ಕೂತದ್ದೆಲ್ಲ ಬರೀ ಕೂತದ್ದು, ಧ್ಯಾನವಾಗಲಿಲ್ಲ. ನೀನು ಹೇಳಿದ ಸಾಲನ್ನು ಬರೆದೆ, ಹರಿದೆ, ಮತ್ತೆ ಬರೆದೆ. ಬರೆದರೆ ನೀನು ಹೇಳಿದ ಸುಳ್ಳಿಗೆ ನಾನು ರುಜು ಹಾಕಿದ ಹಾಗೆ. ನಿಜ ಬರೆದರೆ ಅವಳ ಸಂತೋಷ ಹೋಗುತ್ತದೆ. ಎರಡೂ ಆಗದೆ ಸುಮ್ಮನಿದ್ದೆ. ಸುಮ್ಮನಿದ್ದರೆ ಯಾರಿಗೂ ಕೇಡಿಲ್ಲ ಎಂದುಕೊಂಡೆ.

ನಾನು ಕಿತ್ತ ಜಾಗದ ಮೇಲ್ಗಡೆ, ಕೊಂಬೆಯ ಸಂದಿಯಲ್ಲಿ ಇನ್ನೊಂದು ಸಣ್ಣದು ಇತ್ತು. ಇವತ್ತು ಯಾರನ್ನೂ ಕೇಳದೆ ಅದನ್ನು ಕಿತ್ತೆ. ಈಗ ನನ್ನ ಚೀಲದಲ್ಲಿದೆ. ಮಠದ ಕೆಲಸ ಒಪ್ಪಿಸಿ ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರಡುತ್ತೇನೆ. ಆಗ ಅವಳಿಗೆ ನೀನು ಹೇಳಿದ್ದು ನಿಜವೇ ಆಗುತ್ತದೆ. ಬಾರ್ಲಿ ಅನ್ನ ಮಾಡಿಡು, ಒಂದೇ ತಟ್ಟೆಯಲ್ಲಿ ತಿನ್ನೋಣ ಎಂದು ಅವಳಿಗೆ ಹೇಳು.

ಪಿಲ್ಸು


ಬೊಲ್‌ಗ್ಯೊ
ಆಗಸ್ಟ್ 28

ಪಿಲ್ಸು,

ಬರುತ್ತೇನೆ ಎಂದು ಬರೆದಿದ್ದೀಯ. ಬರಬೇಡ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಇನ್ಸುನ್ ಆಗಸ್ಟ್ ಹನ್ನೊಂದಕ್ಕೆ ಹೋದಳು. ತಂತಿ ಕೊಡಲಿಲ್ಲ. ಕೊಟ್ಟಿದ್ದರೂ ನಿಮ್ಮ ಹಗ್ಗ ಬಿಚ್ಚಿರಲಿಲ್ಲ. ಮದುವೆಯಾಗದ ಹೆಣ್ಣು, ಗೋರಿ ಬೇಡವೆಂದರು. ಸುಟ್ಟು, ಬೂದಿಯನ್ನು ಇಳಿತದ ಹೊತ್ತಿಗೆ ಕೆಸರು ಬಯಲಿನ ಅಂಚಿಗೆ ಬಿಟ್ಟೆ. ಮುಂದೆ ನಿಂತು ದುಃಖದ ಪಟ್ಟಿ ತೋಳಿಗೆ ಕಟ್ಟಿಕೊಳ್ಳಬೇಕಾದ ಗಂಡಸು ಯಾರು ಎಂದು ಕೇಳಿದರು. ನಾನೇ ಕಟ್ಟಿಕೊಂಡೆ.

ಸುಮ್ಮನಿದ್ದರೆ ಯಾರಿಗೂ ಕೇಡಿಲ್ಲ ಎಂದುಕೊಂಡೆಯಾ? ಕೇಳು ಹಾಗಾದರೆ. ಕಾಗದ ಹಾಕಿದ ಮೇಲೆ ಅವಳು ಹಾಸಿಗೆಯನ್ನು ಬಾಗಿಲ ಹತ್ತಿರಕ್ಕೆ ಎಳೆಸಿಕೊಂಡಳು, ಅಂಚೆಯವನು ಕಾಣಲಿ ಎಂದು. ಮೊದಲ ವಾರ, ವಾಸದಲ್ಲಿದ್ದಾನೆ, ನಿಧಾನ ಆಗುತ್ತದೆ ಎಂದಳು. ಎರಡನೇ ವಾರ ಬೂದು ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅದರ ತುದಿಯಲ್ಲಿ ನಾನೇ ಹಾಕಿದ ತೇಪೆಯಿತ್ತು, ನನ್ನ ಹೊಲಿಗೆ ಅವಳಿಗೆ ಗೊತ್ತು, ಹರಿಯುವಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆದರೂ ಕುಡಿಯುತ್ತಿದ್ದಳು. ಒಂದು ಬೆಳಿಗ್ಗೆ ಬಟ್ಟಲು ಕೆಳಗಿಟ್ಟಳು.

"ಅಣ್ಣ ಕಳ್ಸಿದ್ದಾಗಿದ್ರೆ ಬೈದಾದ್ರೂ ಒಂದು ಸಾಲು ಬರೀತಿದ್ದ ಕಣಮ್ಮ. ಇದು ನೀನು ತಂದಿದ್ದು ಅಲ್ವಾ?"

ಇಲ್ಲ ಎನ್ನಬಹುದಿತ್ತು. ಜೀವಮಾನವೆಲ್ಲ ಸಂತೆಯಲ್ಲಿ ಮಾರಿದವಳು ನಾನು, ನಾಲಿಗೆಗೆ ಏನೂ ಕಷ್ಟವಿರಲಿಲ್ಲ. ಮುಖ ಕೈಕೊಟ್ಟಿತು. ಅವಳು ನನ್ನ ಕೈ ಹಿಡಿದುಕೊಂಡು, "ಹೋಗ್ಲಿ ಬಿಡು, ನೀನು ಅಳ್ಬೇಡ" ಎಂದಳು. ಅದಾದ ಮೇಲೆ ಕಷಾಯ ಮುಟ್ಟಲಿಲ್ಲ, ಗಂಜಿಯನ್ನೂ ಮುಟ್ಟಲಿಲ್ಲ. ಗೋಡೆಯ ಕಡೆ ತಿರುಗಿಕೊಂಡಳು.

ಅಣಬೆ ಅವಳನ್ನು ಉಳಿಸುತ್ತಿರಲಿಲ್ಲ. ನೀನು ಬರೆಯುವ ಮುಂಚೆಯೇ ನನಗದು ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅಣ್ಣ ನನಗಾಗಿ ಏನೋ ಒಂದು ಮುರಿದ ಎಂದುಕೊಂಡು ಹೋಗಬಹುದಾಗಿತ್ತು, ಅಷ್ಟೇ. ಅಷ್ಟನ್ನೂ ನೀನು ಬಿಡಲಿಲ್ಲ.

ಅಮ್ಮ ಎಂದು ಬರೆದದ್ದನ್ನು ಓದಿದೆ. ಚೀಲದಲ್ಲಿರುವುದನ್ನು ಗ್ವಾಂಗ್‌ಜುವಿನವರಿಗೆ ಕೊಟ್ಟುಬಿಡು, ಅವರ ಯಜಮಾನರು ಇನ್ನೂ ಇದ್ದರೆ.

ನಲವತ್ತೊಂಬತ್ತನೇ ದಿನದ ಪೂಜೆಗೆಂದು ಬರುವುದೂ ಬೇಡ. ಸೇತುವೆಯಾಚೆಯ ಸಣ್ಣ ಮಠದ ಮುದಿ ಭಿಕ್ಷುವಿಗೆ ಹೇಳಿ ಆಗಿದೆ. ಅವರ ದನಿ ಚೆನ್ನಾಗಿಲ್ಲ, ಮಂತ್ರದ ಮಧ್ಯೆ ಕೆಮ್ಮುತ್ತಾರೆ. ಕರೆದರೆ ಬರುತ್ತಾರೆ.

ಇನ್ಸುನಳ ಅಮ್ಮ